ಉಪಗ್ರಹ ಹಿಡಿದು ಹೊರಟ ಅಳಿಯ

ಹಿಂದೂಪುರದಲ್ಲಿ ಮಿಕ್ಸಿ ರಿಪೇರಿ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಆಕಾಶದ ಉಪಗ್ರಹಗಳನ್ನು ಅಂಗೈಯಲ್ಲಿಟ್ಟುಕೊಂಡು, ಎಲ್ಲೋ ಬಚ್ಚಿಟ್ಟ ಡಬ್ಬಿಯನ್ನು ಹುಡುಕಿ ತೆಗೆಯುವ ಮಿಕ್ಸಿ ರಿಪೇರಿಯವನು ಒಬ್ಬನೇ. ಅವನೇ ಈ ಜಯಚಂದ್ರ, ಅಂದರೆ ನಾನು! ಈ ವಿದ್ಯೆಯಲ್ಲಿ ಇಡೀ ರಾಯಲಸೀಮೆಗೇ ಗುರುವಾಗುತ್ತೇನೆ ಎಂದು 2007ರ ಸಂಕ್ರಾಂತಿಯ ದಿನ ಬಾಯಲ್ಲಿ ಎಳ್ಳುಬೆಲ್ಲ ಇಟ್ಟುಕೊಂಡೇ ಶಪಥ ಮಾಡಿದೆ.

ವಿದ್ಯೆ ಒಲಿದದ್ದು ಹೀಗೆ. ಬೆಟ್ಟದ ಮೇಲೆ ಗಾಳಿ ಅಳೆಯಲು ಬಂದಿದ್ದ ಇಂಜಿನಿಯರೊಬ್ಬರು ತಮ್ಮ ಹಳದಿ ಬಣ್ಣದ ಜಿಪಿಎಸ್ ಯಂತ್ರವನ್ನು ನನ್ನ ಅಂಗಡಿಗೆ ರಿಪೇರಿಗೆ ಕೊಟ್ಟಿದ್ದರು. ನಾನು ಅದನ್ನು ಸರಿಮಾಡುವಷ್ಟರಲ್ಲಿ ಅವರಿಗೆ ವರ್ಗವೂ ಆಯಿತು, ಹೊಸ ಯಂತ್ರವೂ ಬಂತು. ಹಳೆಯದನ್ನು ನನಗೇ ಬಿಟ್ಟು, ಜಿಯೋಕ್ಯಾಶಿಂಗ್ ಎಂಬ ಆಟವನ್ನೂ ಹೇಳಿಕೊಟ್ಟು ಹೋದರು. ಯಾರೋ ಒಬ್ಬರು ಎಲ್ಲೋ ಒಂದು ಡಬ್ಬಿ (ಆಟದ ಭಾಷೆಯಲ್ಲಿ ಅದೇ ‘ಕ್ಯಾಶ್’) ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಆ ನಂಬರು ಒತ್ತಿದರೆ ನಮ್ಮ ಯಂತ್ರದಲ್ಲಿ ಒಂದು ಬಾಣ ಮೂಡುತ್ತದೆ. ಬಾಣದ ಹಿಂದೆ ಹೋಗಿ, ಡಬ್ಬಿ ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಮತ್ತೆ ಅಲ್ಲೇ ಇಟ್ಟು ಬರಬೇಕು. ಡಬ್ಬಿಯಲ್ಲಿರುವ ವಸ್ತುವನ್ನು ತೆಗೆದುಕೊಂಡರೆ ಬದಲಿಗೆ ಸಮನಾದ ಬೆಲೆಯದನ್ನು ಇಡಬೇಕು. ಅದು ಈ ಆಟದ ಧರ್ಮ.

ಇಷ್ಟನ್ನು ನನ್ನ ಹೆಂಡತಿ ಪದ್ಮಲತಾಗೆ ಅರ್ಥಮಾಡಿಸುವುದೇ ಮೊದಲ ಬೆಟ್ಟವಾಯಿತು.

"ಭಾನ್ವಾರ ಲೇಪಾಕ್ಷಿ ಕಡೆ ಕ್ಯಾಶ್ ಹುಡುಕಕ್ಕೆ ಹೋಯ್ತೀನಿ ಕಣೆ."

"ಯಾರದ್ದು ಬಿದ್ದೋಗಿತ್ತು?"

"ಬಿದ್ದೋಗಿಲ್ಲ. ಬಚ್ಚಿಟ್ಟವ್ರೆ."

"ಸಿಕ್ಕಿದ್ರೆ ಎಷ್ಟು ಬತ್ತೈತೆ?"

"ಏನೂ ಬರಾಕಿಲ್ಲ. ಹೆಸರು ಬರೆದು ಅಲ್ಲೇ ಇಟ್ಟು ಬತ್ತೀನಿ."

ಪದ್ಮಲತಾ ನನ್ನ ಹಣೆ ಮುಟ್ಟಿ ನೋಡಿದಳು. "ನಿಮಗೆ ಜ್ವರ ಇಲ್ಲ. ಈ ಆಟಕ್ಕೆ ಹೆಸರಿಟ್ಟೋನಿಗೆ ಇರಬೇಕು. ಕಾಸೇ ಇಲ್ದಿರೋದಕ್ಕೆ ಕ್ಯಾಶ್ ಅಂತಾವ್ನೆ."

ಆ ಭಾನುವಾರ ಲೇಪಾಕ್ಷಿಯ ಆಚೆ ಒಂದು ಬಂಡೆ ಸಂದಿಯಲ್ಲಿ ನನ್ನ ಮೊದಲ ಡಬ್ಬಿ ಸಿಕ್ಕಿತು. ಒಳಗೊಂದು ರಬ್ಬರ್ ಬಾತುಕೋಳಿ. ಬದಲಿಗೆ ಜೇಬಿನಲ್ಲಿದ್ದ ಮಿಕ್ಸಿಯ ಕಾರ್ಬನ್ ಬ್ರಷ್ಷು ಇಟ್ಟು ಬಂದೆ. ಸುಳ್ಳು ಹೇಳುವುದಿಲ್ಲ, ಬಹಳ ಸುಖವಾಯಿತು. ಬಸ್ಸಿನ ಕಿಟಕಿಯಿಂದ ನೂರು ಸಲ ನೋಡಿದ್ದ ಗುಡ್ಡ ಅದು. ಹತ್ತಿದ್ದು ಅದೇ ಮೊದಲು. ಮೇಲೆ ಕೂತು ಬುತ್ತಿ ಬಿಚ್ಚಿದಾಗ, ಹುಟ್ಟಿದ ಸೀಮೆಯನ್ನು ನಾನು ನೋಡಿಯೇ ಇರಲಿಲ್ಲವಲ್ಲ ಅನ್ನಿಸಿತು.

ಹೊಸಬರಿಗೆ ಇಲ್ಲೊಂದು ಕಿವಿಮಾತು. ಬಂಡೆ ಸಂದಿಗೆ ಕೈ ಹಾಕುವ ಮುಂಚೆ ಕೋಲು ಹಾಕಿ. ನೀರು ತೆಗೆದುಕೊಂಡು ಹೋಗಿ, ಪೆನ್ನು ಮರೆಯಬೇಡಿ. ಮುಖ್ಯವಾಗಿ, ‘ಬಚ್ಚಿಟ್ಟಿದ್ದು ಹುಡುಕ್ತಿದ್ದೀನಿ’ ಎಂದು ಯಾರಿಗೂ ಹೇಳಬೇಡಿ. ಚಿಲಮತ್ತೂರಿನ ಹತ್ತಿರ ಹಾಗೆ ಬಾಯಿಬಿಟ್ಟಿದ್ದಕ್ಕೆ ನಾನು ನಿಧಿ ತೆಗೆಯಲು ಬಂದವನೆಂದು ಸುದ್ದಿಯಾಗಿ, ಅರ್ಧ ಊರು ಹಾರೆ ಗುದ್ದಲಿ ಸಮೇತ ಬಂದು ಪಾಲು ಕೇಳಿತು. ಎಲ್ಲರಿಗೂ ಟೀ ಕುಡಿಸಿ ಪಾರಾದೆ.

ಇದರ ನಡುವೆ ಕಲ್ಯಾಣದುರ್ಗದಿಂದ ಫೋನು ಬಂತು. ನನ್ನ ಮಾವ ಕೊಂಡಪ್ಪನವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ಪಟ್ಟಿ ಬಿಚ್ಚಿದ್ದರು. ಆಪರೇಷನ್ನಿಗೆ ಹೆದರಿ ಅವರು ವರ್ಷಗಟ್ಟಲೆ ಮಬ್ಬಿನಲ್ಲೇ ಬದುಕಿದ್ದರು. ನಮ್ಮ ಮದುವೆಯಲ್ಲಿ ಧಾರೆ ಎರೆದದ್ದೂ ಆ ಮಬ್ಬಿನಲ್ಲೇ. ಈಗ ಫೋನಿನಲ್ಲಿ ಮಗಳಿಗೆ ಹೇಳಿದರಂತೆ: "ಎಲ್ಲಾ ಫಳಫಳ ಅಂತ ಕಾಣಿಸ್ತೈತೆ ಕಣಮ್ಮ. ಅಳಿಯನ್ನ ಕರ್ಕೊಂಡ್ ಬಾ. ಒಂದ್ಸಲನಾದ್ರು ಮೊಖ ಸರಿಯಾಗಿ ನೋಡ್ಬೇಕು."

ಇಲ್ಲಿ ನನಗೊಂದು ಒಳಗಿನ ಅಳುಕು. ಸಂಬಂಧ ಕುದುರಿಸಿದ ಗಂಗಣ್ಣ ನನ್ನನ್ನು ‘ಕೆಂಪಗೆ ಎತ್ತರಕ್ಕೆ ಇದ್ದಾನೆ, ತಲೆತುಂಬ ಕೂದಲು’ ಎಂದು ಬಣ್ಣಿಸಿದ್ದ. ಮೂರರಲ್ಲಿ ಒಂದೂ ನಿಜವಲ್ಲ. ಇಷ್ಟು ವರ್ಷ ಮಾವನ ಕಣ್ಣಿನ ಪೊರೆಯೇ ನನ್ನ ಮಾನ ಕಾಪಾಡಿತ್ತು! ಈಗ ಹೋಗಿ ಎದುರು ನಿಂತರೆ ಆ ಹಿರಿಯ ಜೀವಕ್ಕೆ ಎಷ್ಟು ನಿರಾಸೆ. ಹಾಗಾಗಿ ಈ ಭಾನುವಾರ ಒಂದು ಡಬ್ಬಿ, ಮುಂದಿನ ಭಾನುವಾರ ಇನ್ನೊಂದು ಡಬ್ಬಿ ಎಂದು ಮುಂದೂಡುತ್ತಾ ಹೋದೆ.

"ಬಾತುಕೋಳಿ ಹುಡುಕ್ಕೊಂಡು ಬೆಟ್ಟ ಹತ್ತೀರಿ. ನಮ್ಮಪ್ಪನ್ನ ನೋಡಕ್ಕೆ ಬಸ್ ಹತ್ತಕ್ಕಾಗಲ್ವಾ?" ಎಂದಳು ಪದ್ಮಲತಾ.

"ಮಾವನೋರು ಎಲ್ಲೋಯ್ತಾರೆ, ಅಲ್ಲೇ ಇರ್ತಾರೆ."

"ಆ ಡಬ್ಬಿನೂ ಅಲ್ಲೇ ಇರ್ತಿತ್ತು," ಎಂದಳು. ಆಮೇಲೆ ತಣ್ಣಗೆ ಕೇಳಿದಳು: "ಅದ್ಸರಿ, ಒಂದು ಜಾಗದ ನಂಬರು ಸಿಗೋದು ಎಂಗೆ?"

ಶಿಷ್ಯೆ ಸಿಕ್ಕಳೆಂದು ಹಿಗ್ಗಿಹೋದೆ. ಇಂಟರ್ನೆಟ್ ಸೆಂಟರಿನ ಕಂಪ್ಯೂಟರಿನಲ್ಲಿ ಭೂಮಿಯ ಚಿತ್ರ ತೆರೆದು, ಬೇಕಾದ ಕಡೆ ಬಾಣ ಇಟ್ಟರೆ ಕೆಳಗೆ ನಂಬರು ಕಾಣುತ್ತದೆ ಎಂದು ಇಡೀ ಸಂಜೆ ಪಾಠ ಮಾಡಿದೆ. ಮಾರನೆಯ ದಿನ ಅವಳೊಬ್ಬಳೇ ಕಲ್ಯಾಣದುರ್ಗಕ್ಕೆ ಬಸ್ ಹತ್ತಿದಳು. ಜಗಳವನ್ನೂ ಆಡಲಿಲ್ಲ. ಮನೆಯಲ್ಲಿ ನಾನು ಮತ್ತು ಬಾತುಕೋಳಿ ಉಳಿದೆವು. ಅನ್ನ ತಳ ಹಿಡಿಯಿತು, ಮನಸ್ಸೂ ತಳ ಹಿಡಿಯಿತು.

ಆ ವಾರವೇ ಕಲ್ಯಾಣಿ ಎಂಬ ಅಪರಿಚಿತರಿಂದ ಇಂಗ್ಲಿಷಿನಲ್ಲಿ ಒಂದು ಇಮೇಲ್ ಬಂತು. ‘ಮಾನ್ಯರೇ, ಹೊಸ ಡಬ್ಬಿ ಬಚ್ಚಿಟ್ಟಿದ್ದೇನೆ. ಇನ್ನೂ ಯಾರೂ ಹುಡುಕಿಲ್ಲ. ಈ ಭಾಗಕ್ಕೆಲ್ಲ ತಾವೊಬ್ಬರೇ ತಜ್ಞರೆಂದು ಕೇಳಿದ್ದೇನೆ. ಭಾನುವಾರ ಬನ್ನಿ. ಸುಳಿವು: ನುಗ್ಗೆಮರ.’ ಕೆಳಗೆ ಉದ್ದದ ಎರಡು ನಂಬರು. ತಜ್ಞ! ಆ ಒಂದು ಪದಕ್ಕೆ ನಾನು ಇಂಟರ್ನೆಟ್ ಸೆಂಟರಿನ ಕುರ್ಚಿಯಲ್ಲೇ ಒಂದು ಗೇಣು ಬೆಳೆದೆ. ಹೊಸ ಡಬ್ಬಿಯನ್ನು ಮೊದಲು ಹುಡುಕಿದವನಿಗೆ ಈ ಆಟದಲ್ಲಿ ಪದವಿ ಇದೆ. ಬಿಟ್ಟೇನೆಯೇ?

ನನ್ನ ಹಳೇ ಯಂತ್ರದಲ್ಲಿ ಊರಿನ ಹೆಸರು ಕಾಣುವುದಿಲ್ಲ. ಬಾಣ ಮತ್ತು ದೂರ, ಅಷ್ಟೇ. ಬಾಣ ವಾಯುವ್ಯಕ್ಕಿತ್ತು. ಮಡಕಶಿರದ ಬಸ್ ಹತ್ತಿ, ಸಿಗ್ನಲ್ಲಿಗಾಗಿ ಯಂತ್ರವನ್ನು ಕಿಟಕಿಯಾಚೆ ಹಿಡಿದು ಕೂತೆ.

"ಎಕ್ಕಡಿಕಿ ಸಾರ್?" ಎಂದ ಕಂಡಕ್ಟರ್.

"ಈ ಬಾಣ ಎಲ್ಲಿಗೆ ತೋರಿಸ್ತೈತೋ ಅಲ್ಲಿಗೆ."

"ಆ ಊರಿಗೆ ಟಿಕೆಟ್ ಇಲ್ಲ ಸಾರ್. ಮಡಕಶಿರಕ್ಕೆ ಕೊಡ್ತೀನಿ, ಇಳಿದು ಯೋಚ್ನೆ ಮಾಡಿ."

ಮಡಕಶಿರದಲ್ಲಿ ಇಳಿದೆ, ಪಾವಗಡದಲ್ಲಿ ಇಳಿದೆ. ಬಾಣ ಇನ್ನೂ ಮುಂದೆ ಮುಂದೆ ಎನ್ನುತ್ತಿತ್ತು. ಮುಂದಿನ ಬಸ್ಸಿನ ಬೋರ್ಡು ನೋಡಿದೆ. ಕಲ್ಯಾಣದುರ್ಗ! ಹೆಂಡತಿ ಇರುವ ಊರು, ಮಾವ ಕಣ್ಣು ಬಿಟ್ಟುಕೊಂಡು ಕಾಯುತ್ತಿರುವ ಊರು. ವಾಪಸ್ ಹೋಗೋಣವೆಂದರೆ ಪದವಿ ಬಿಡಲಿಲ್ಲ. ಡಬ್ಬಿ ಹುಡುಕುವುದು, ಯಾರ ಕಣ್ಣಿಗೂ ಬೀಳದೆ ಪರಾರಿಯಾಗುವುದು ಎಂದು ತೀರ್ಮಾನಿಸಿ ಟವೆಲ್ಲನ್ನು ಕಣ್ಣೊಂದು ಬಿಟ್ಟು ಮುಖಕ್ಕೆಲ್ಲ ಸುತ್ತಿಕೊಂಡೆ.

ಬಸ್‌ಸ್ಟ್ಯಾಂಡಿನಿಂದ ಬಾಣ ನನ್ನನ್ನು ಸಂತೆ ಬೀದಿಗೆ, ಅಲ್ಲಿಂದ ಒಂದು ಕಿರಿದಾದ ಓಣಿಗೆ ಎಳೆದೊಯ್ದಿತು. ಮಾವನ ಮನೆಯೂ ಈ ಕಡೆಯೇ ಇರಬೇಕು ಎಂದುಕೊಂಡು ಟವೆಲ್ಲನ್ನು ಇನ್ನಷ್ಟು ಬಿಗಿದೆ. ಹೋದಾಗಲೆಲ್ಲ ಮುಂಬಾಗಿಲಿನಲ್ಲಿ ಆರತಿ ಎತ್ತಿಸಿಕೊಂಡು ಹೋದ ಅಳಿಯ ನಾನು. ಮಾವನ ಮನೆಯ ಹಿಂದೆ ಯಾವ ಓಣಿ ಇದೆ ಎಂದು ನನಗೆ ಹೇಗೆ ಗೊತ್ತಿರಬೇಕು? ಒಂದು ಹಿತ್ತಲ ಗೋಡೆಯ ಮುಂದೆ ಬಾಣ ನಿಂತಿತು. ಗೋಡೆಯಾಚೆಯಿಂದ ನುಗ್ಗೆಮರ ಕೊಂಬೆ ಚಾಚಿ ಕರೆಯುತ್ತಿತ್ತು.

ಹೊಸಬರಿಗೆ ಇನ್ನೊಂದು ಕಿವಿಮಾತು. ಬೇರೆಯವರ ಗೋಡೆ ಹತ್ತಬೇಡಿ. ಹತ್ತಿದರೂ ನುಗ್ಗೆ ಕೊಂಬೆಯನ್ನು ನಂಬಬೇಡಿ. ಲಟ್ ಎಂದಿತು. ಕೊಂಬೆ, ಯಂತ್ರ, ತಜ್ಞ ಮೂವರೂ ಒಟ್ಟಿಗೆ ತಿಪ್ಪೆಗೆ ಬಿದ್ದೆವು. ಪಕ್ಕದಲ್ಲೇ, ಮರದ ಬುಡದಲ್ಲಿ ಹೊಳೆಯುವ ಸ್ಟೀಲ್ ಡಬ್ಬಿ ಕಾಣಿಸಿತು. ಮಲಗಿದಲ್ಲಿಂದಲೇ ಕೈ ಚಾಚಿ ಹಿಡಿದುಕೊಂಡೆ.

"ದೊಂಗ! ಕಳ್ಳ ಬಂದ್ಬುಟ್ಟ! ಮುಸುಕು ಹಾಕ್ಕೊಂಡವ್ನೆ, ಕೈಯಾಗೆ ನಮ್ ಡಬ್ಬಿ ಐತೆ!"

ಹಿತ್ತಲಲ್ಲಿ ಮಂಚದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ಹಿರಿಯರೊಬ್ಬರು ಕೂಗುತ್ತಿದ್ದರು. ಆ ದನಿ ನನಗೆ ಗೊತ್ತಿತ್ತು. ಆಪರೇಷನ್ ನಿಜಕ್ಕೂ ಚೆನ್ನಾಗಿಯೇ ಆಗಿತ್ತು.

ಪಕ್ಕದ ಮನೆಯ ಯರ್ರಿಸ್ವಾಮಿ ದೊಣ್ಣೆ ಹಿಡಿದು ಓಡಿಬಂದ. ಆ ಊರಿನ ಇಂಟರ್ನೆಟ್ ಸೆಂಟರು ಅವನದೇ ಎಂಬುದು ನನಗೆ ಆಮೇಲೆ ತಿಳಿಯಿತು. ನನ್ನ ಕೈಯಲ್ಲಿದ್ದ ಹಳದಿ ಯಂತ್ರ ನೋಡಿದವನೇ ದೊಣ್ಣೆ ಇಳಿಸಿ ಮನೆಯೊಳಕ್ಕೆ ಕೂಗಿದ: "ಪದ್ಮಕ್ಕಾ, ನಾವು ಕಳಿಸಿದ ಮೇಲಿಗೆ ರಿಪ್ಲೈ ಬಂದೈತೆ. ತಿಪ್ಪೇಲಿ ಬಿದ್ದೈತೆ, ತಗೋ."

ಪದ್ಮಲತಾ ಹೊರಗೆ ಬಂದಳು. ನಕ್ಕಳು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಒರೆಸಿಕೊಂಡದ್ದೆಲ್ಲ ನಗುವಿನದೇ ಅಲ್ಲ ಎಂದು ನನಗೆ ಕಂಡಿತು, ನಾಚಿಕೆಯಾಯಿತು.

"ನಾನ್ ಕರೆದ್ರೆ ಬರಾಕಿಲ್ಲ. ಸ್ಯಾಟಲೈಟ್ ಕರೆದ್ರೆ ಬತ್ತೀರಿ," ಎಂದಳು. "ಅದಕ್ಕೇ ಅದರ ಕೈಲೇ ಹೇಳಿಕಳಿಸ್ದೆ."

ಡಬ್ಬಿ ತೆಗೆದೆ. ಇನ್ನೂ ಬೆಚ್ಚಗಿದ್ದ ಒಬ್ಬಟ್ಟು, ನನಗೆ ಇಷ್ಟವೆಂದು ಮೇಲೆ ಒಂದಿಷ್ಟು ಜಾಸ್ತಿಯೇ ತುಪ್ಪ. ಪಕ್ಕದಲ್ಲಿ ಹೆಸರು ಬರೆಯಲು ಚೀಟಿ. ಅವಳು ಯಾವುದನ್ನೂ ಮರೆತಿರಲಿಲ್ಲ.

"ತಗೊಂಡ್ರೆ ಬದಲಿಗೆ ಸಮನಾದ್ದು ಇಡ್ಬೇಕು. ನೀವೇ ಹೇಳ್ಕೊಟ್ಟ ರೂಲು," ಎಂದಳು.

ಜೇಬು ತಡಕಾಡಿದೆ. ಹರಿದ ಬಸ್ ಟಿಕೆಟ್ಟು, ಪೆನ್ನು, ಒಂದು ಕಾರ್ಬನ್ ಬ್ರಷ್ಷು.

ಮಾವ ಮಂಚದಿಂದ ಎದ್ದು ಹತ್ತಿರ ಬಂದರು. "ರೂಲು ಚೆನ್ನಾಗೈತೆ ಕಣಪ್ಪ. ಹಂಗಾದ್ರೆ ನೀನು ಈ ಮನೆಯಿಂದ ಇವಳನ್ನ ತಗೊಂಡು ಹೋದ್ಯಲ್ಲ, ಬದಲಿಗೆ ಏನಿಟ್ಟೆ?"

ನಗೆಯಾಡುತ್ತಲೇ ಕೇಳಿದರು. ನನಗೆ ಮಾತ್ರ ನಗು ಬರಲಿಲ್ಲ. ಕಣ್ಣು ಬಂದ ಮೇಲೆ ಅವರು ಕೇಳಿದ್ದು ನನ್ನ ಮುಖವೊಂದನ್ನೇ. ನಾನು ಅದನ್ನೂ ಬಚ್ಚಿಟ್ಟುಕೊಂಡು ತಿರುಗುತ್ತಿದ್ದೆ.

"ನನ್ನನ್ನೇ ಇಟ್ಕೊಳಿ ಮಾವ," ಎಂದು ಟವೆಲ್ ಬಿಚ್ಚಿದೆ.

ಅವರು ಕಪ್ಪು ಕನ್ನಡಕ ತೆಗೆದರು. ಸಗಣಿಯನ್ನೂ ಲೆಕ್ಕಿಸದೆ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಎಡಗಡೆಯಿಂದ ನೋಡಿದರು, ಬಲಗಡೆಯಿಂದ ನೋಡಿದರು, ಬೋಳುತಲೆ ಬಗ್ಗಿಸಿಯೂ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಗದ್ದ ಬಿಡದೆಯೇ ಮಗಳ ಕಡೆ ತಿರುಗಿದರು.

"ಸಮ ಆಗಾಕಿಲ್ಲ ಕಣಮ್ಮ," ಎಂದರು. "ಹೋಗ್ಲಿ, ಇರ್ಲಿ ಬಿಡು. ಇಷ್ಟು ದೂರದಿಂದ ಹುಡುಕ್ಕೊಂಡು ಬಂದವ್ನೆ."