ಬುಕ್ಕಸಾಗರದ ಆಭರಣಶಾಲೆ

ಊರಿನ ಉಳಿದ ಹೆಂಗಸರ ಒಡವೆಗಳನ್ನು ಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ. ನನ್ನ ಒಡವೆಗಳನ್ನು ತೂಗಬೇಕಾದರೆ ಈರುಳ್ಳಿ ಮಂಡಿಯ ತಕ್ಕಡಿಯೇ ಆಗಬೇಕು. ಇದನ್ನು ಕೇಳಿ ನನ್ನ ಗಂಡ ಭಾರಿ ಕುಳ ಎಂದು ನೀವು ಅಂದುಕೊಂಡರೆ ತಪ್ಪು ನಿಮ್ಮದಲ್ಲ. ಅವರು ನನಗೆ ಮಾಡಿಕೊಟ್ಟಿರುವುದೆಲ್ಲ ಕಲ್ಲಿನ ಒಡವೆ. ವಜ್ರ ವೈಡೂರ್ಯ ಅಲ್ಲ. ತುಂಗಭದ್ರೆಯ ದಂಡೆಯಲ್ಲಿ ಬಿದ್ದಿರುವ, ಎಮ್ಮೆಗಳು ತುಳಿದು ದಾಟುವ, ಅಪ್ಪಟ ಕಲ್ಲು.

ನಮ್ಮ ಮನೆಯವರು (ಹೆಸರು ಶಂಭುಲಿಂಗ, ಅತ್ತೆ ಎದುರಿಗಿಲ್ಲ, ಆದ್ದರಿಂದ ಹೇಳುತ್ತಿದ್ದೇನೆ) ತೋರಣಗಲ್ಲು ಕಡೆಯ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದರು. ಆನೆಗಾತ್ರದ ಉಕ್ಕಿನ ಸುರುಳಿಗಳನ್ನು ಮಲ್ಲಿಗೆ ದಂಡೆಯ ಹಾಗೆ ಎತ್ತಿ ಇಳಿಸುತ್ತಿದ್ದ ಮನುಷ್ಯ. ವರ್ಷಗಟ್ಟಲೆ ಬರೀ ರಾತ್ರಿ ಪಾಳಿ. ಅವರು ಏಳುವಾಗ ನಾನು ಮಲಗುತ್ತಿದ್ದೆ, ನಾನು ಏಳುವಾಗ ಅವರು ಮಲಗುತ್ತಿದ್ದರು. ನಮ್ಮ ದಾಂಪತ್ಯ ಅಷ್ಟು ವರ್ಷ ಜಗಳವಿಲ್ಲದೆ ನಡೆದದ್ದರ ಗುಟ್ಟು ಇದೇ ಎಂದು ನನ್ನ ಅನುಮಾನ. ಮಂಡಿನೋವು ಬಂದು ಕ್ರೇನಿನ ಏಣಿ ಹತ್ತುವುದು ಆಗದೆ ಹೋದಾಗ ಕೆಲಸ ಬಿಟ್ಟರು.

ಬುಕ್ಕಸಾಗರದಲ್ಲಿ ಹೊಳೆಗೆ ಹತ್ತಿದಂತೆ ನಮ್ಮದೊಂದು ಸಣ್ಣ ಬಾಳೆತೋಟವಿದೆ. ಅಲ್ಲಿ ತಗಡು ಹೊದಿಸಿದ ಒಂದು ಬಿದಿರಿನ ಗುಡಿಸಲಿತ್ತು. ದಿನಾ ಹೊಸಪೇಟೆಯ ನಮ್ಮ ಮನೆಯಿಂದ ಹೋಗಿ ಅಲ್ಲಿ ಕುಳಿತುಕೊಳ್ಳತೊಡಗಿದರು. ಕುಳಿತವರು ಕಲ್ಲು ಆರಿಸಿದರು. ಆರಿಸಿದ ಕಲ್ಲಿಗೆ ತಾಮ್ರದ ತಂತಿ ಸುತ್ತಿದರು. ಮೊಬೈಲ್ ನೋಡಿ ನೋಡಿ ಸರ, ಓಲೆ, ಬಳೆ ಎಲ್ಲ ಕಲಿತರು. ಅಷ್ಟು ದೊಡ್ಡ ಕ್ರೇನಿನಿಂದ ಇಳಿದ ಮಹಾಪುರುಷರು ಒಂದು ಅಂಗೈಯುದ್ದದ ಇಕ್ಕಳಕ್ಕೆ ಬಂದು ನಿಂತರು.

ಹೀಗಿರುವಾಗ, ಮೇ ತಿಂಗಳ ಒಂದು ಸಂಜೆ ಗಾಳಿ ಎದ್ದಿತು. ಹೊಸಪೇಟೆಯಲ್ಲೇ ನಮ್ಮ ನೀರಿನ ಟ್ಯಾಂಕಿನ ಮುಚ್ಚಳ ಹಾರಿ ಎದುರು ಮನೆಯ ತುಳಸಿಕಟ್ಟೆ ಸೇರಿತ್ತು. ಮರುದಿನ ಇಬ್ಬರೂ ಬುಕ್ಕಸಾಗರಕ್ಕೆ ಹೋದೆವು. ಗುಡಿಸಲು ಇದ್ದ ಜಾಗದಲ್ಲಿ ನಾಲ್ಕು ಗುಂಡಿ ಇದ್ದವು. ಪಕ್ಕದ ತೋಟದ ತೋಟಪ್ಪ ಬಂದು, "ಶಂಭಣ್ಣ, ನಿಮ್ಮ ತಗಡು ನಮ್ಮ ಬಾಳಿಗಿಡ ಕಡದು ಮಲಗೈತಿ ನೋಡ್ರಿ. ಕುಡಗೋಲಿಗಿಂತ ಚಂದ ಕಡದೈತಿ," ಎಂದ. ಕಷ್ಟದಲ್ಲೂ ಮೆಚ್ಚುವ ಗುಣ ಅವನದು. ಕಟ್ಟಿಟ್ಟಿದ್ದ ಸರಗಳು, ಓಲೆಗಳು ಎಲ್ಲವೂ ಹೊಳೆಯ ಪಾಲಾಗಿದ್ದವು. ಕಲ್ಲುಗಳು ತವರಿಗೆ ಹೋಗಿದ್ದವು.

ಇವರು ಕೆಸರಿನಲ್ಲಿ ಕೈಯಾಡಿಸಿ ಇಕ್ಕಳ ಹುಡುಕಿದರು. ಅಂಗಿಗೆ ಒರೆಸಿ ಜೇಬಿನಲ್ಲಿ ಇಟ್ಟುಕೊಂಡರು.

"ನಡಿ ಶೈಲಾ, ಹೋಗೋಣು. ಸಾಕಿನ್ನ."

ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು. ಶಿಲಾಯುಗ ಮುಗಿಯಿತು, ಇನ್ನು ಸುವರ್ಣಯುಗ ಎಂದುಕೊಂಡೆ. ಆದರೆ ಮನೆಗೆ ಬಂದ ಮನುಷ್ಯ ಕುರ್ಚಿಯಲ್ಲಿ ಕುಳಿತವರು ಕುಳಿತೇ ಇದ್ದರು. ಟಿವಿ ಹಾಕಲಿಲ್ಲ. ಉಪ್ಪಿಲ್ಲದ ಸಾರನ್ನು "ಮಸ್ತ್ ಆಗೈತಿ" ಎಂದು ಉಂಡರು. ಸುಮ್ಮನೆ ಕುಳಿತಾಗ ಮಾತ್ರ ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ತೀಡುತ್ತಿದ್ದವು, ನಡುವೆ ಇಲ್ಲದ ತಂತಿ ಸುತ್ತುವ ಹಾಗೆ. ಸದ್ದು ಮಾಡದ ಗಂಡ ಕೆಟ್ಟುಹೋದ ಮಿಕ್ಸಿ ಇದ್ದಂತೆ. ಮನೆ ತಣ್ಣಗಿರುತ್ತದೆ, ಚಟ್ನಿ ಮಾತ್ರ ಆಗುವುದಿಲ್ಲ.

ನಾಲ್ಕೈದು ದಿನ ತಡೆದೆ. ಆಮೇಲೆ ನನ್ನ ಒಂದು ಓಲೆಯನ್ನು ಅಕ್ಕಿ ಡಬ್ಬಿಯಲ್ಲಿ ಹುದುಗಿಸಿಟ್ಟು ಅವರ ಮುಂದೆ ನಿಂತೆ.

"ನನ್ನ ಓಲಿ ಒಂದು ಕಳದೈತ್ರಿ. ಜೋಡಿ ಮಾಡಿಕೊಡ್ರಿ."

"ಎಲ್ಲಿ ಕುಂತು ಮಾಡ್ಲಿ?"

"ಇಲ್ಲೇ ಅಡಗಿಮನ್ಯಾಗ, ಗ್ಯಾಸ್ ಕಟ್ಟಿ ಪಕ್ಕ ಕುಂದ್ರಿ."

ಒಂಟೆಗೆ ಡೇರೆಯೊಳಗೆ ಮೂಗಿಡಲು ಜಾಗ ಕೊಟ್ಟ ಅರಬನ ಕಥೆ ನಾನು ಶಾಲೆಯಲ್ಲಿ ಓದಿದ್ದೆ. ಓದಿದ್ದು ಸಮಯಕ್ಕೆ ನೆನಪಾಗುವುದಿಲ್ಲ.

ಮೊದಲ ದಿನ ಒಂದು ಮಣೆ ಬಂತು. ಎರಡನೆಯ ದಿನ ಟೇಬಲ್ ಲ್ಯಾಂಪ್ ಬಂತು. ಆಮೇಲೆ ಸೌಟಿನ ಪಕ್ಕ ಇಕ್ಕಳ, ಲಟ್ಟಣಿಗೆಗೆ ಸುತ್ತಿದ ತಂತಿ, ಇಡ್ಲಿ ತಟ್ಟೆಯ ಕುಳಿಗಳಲ್ಲಿ ಬಣ್ಣಬಣ್ಣದ ಗಾಜಿನ ಮಣಿ. ("ಎಷ್ಟ ಚಂದ ಬ್ಯಾರೆಬ್ಯಾರೆ ಇಡಾಕ ಬರ್ತೈತಿ ನೋಡು!") ಮಣಿ ಹಿಟ್ಟಿನ ಡಬ್ಬಿಯಲ್ಲೋ, ಹಿಟ್ಟು ಮಣಿಯ ಡಬ್ಬಿಯಲ್ಲೋ ಎಂದು ನೋಡಿ ರೊಟ್ಟಿ ಬಡಿಯುವ ಕಾಲ ಬಂತು. ನಾನು ಬೈಯುತ್ತಿದ್ದೆ. ಅವರು ಹೂಂ ಅನ್ನುತ್ತಿದ್ದರು. ಒಂದು ಸಮಾಧಾನವೆಂದರೆ, ಸಾರಿಗೆ ಉಪ್ಪು ಕಡಿಮೆಯಾದರೆ ಈಗ ಹೇಳುತ್ತಿದ್ದರು.

ಸ್ಫೋಟವಾದದ್ದು ಮಂಡಕ್ಕಿ ಒಗ್ಗರಣೆಯ ದಿನ. ಅತ್ತೆ ವಿರುಪಮ್ಮನವರು ಬಾಯಿಗೆ ಹಾಕಿಕೊಂಡ ಮೊದಲ ತುತ್ತೇ ಕಟಕ್ ಎಂದಿತು.

"ಶೈಲಾ, ಸಾಸಿವಿ ಎಲ್ಲಿ ತಂದೀಯವ್ವ? ಅತ್ಲಾಗ ಸಿಡಿದಿಲ್ಲ, ಇತ್ಲಾಗ ಕಡಿಯಾಕ ಬರವಲ್ದು."

ಅಂಗೈಗೆ ಉಗುಳಿಕೊಂಡು ನೋಡಿದರು. ಕರಿಮಣಿ. ಫಳಫಳ ಹೊಳೆಯುತ್ತಿತ್ತು, ಒಗ್ಗರಣೆಯ ಎಣ್ಣೆಗೆ ಇನ್ನಷ್ಟು ಹೊಳಪು ಬಂದಿತ್ತು.

ಇವರು ತಟ್ಟೆ ಬಿಟ್ಟು ಎದ್ದರು. "ಅವ್ವಾ! ಇದನ್ನ ನಾ ಮುಂಜಾನಿಂದ ಹುಡುಕಾಕತ್ತೀನಿ!"

"ನಿನಗ ಮಣಿ ಸಿಕ್ತು ಖರೆ, ನನ್ನ ಹಲ್ಲು ಹೋತಲ್ಲೋ ಮೂಳಾ!" ಎಂದರು ಅತ್ತೆ. (ಹಲ್ಲು ಹೋಗಿರಲಿಲ್ಲ. ಆದರೆ ಅತ್ತೆಯ ಮಾತನ್ನು ಪರೀಕ್ಷಿಸಿ ನೋಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ.)

ಆ ಕ್ಷಣದಲ್ಲೇ ನಾನು ಘೋಷಿಸಿದೆ: "ಗುಡಿಸಲಾ ತಿರುಗಿ ಕಟ್ಟಿಸ್ತೀನಿ. ನಾನೇ ನಿಂತು ಕಟ್ಟಿಸ್ತೀನಿ. ನನ್ನ ಅಡಗಿಮನಿ ನನಗ ಬೇಕು." ಅತ್ತೆ ಕೂಡಲೇ, "ಮಾಡವ್ವ, ನಾನೂ ಬರ್ತೀನಿ," ಎಂದರು. ಹಲ್ಲಿನ ದೆಸೆಯಿಂದ ಅತ್ತೆ ಸೊಸೆ ಒಂದಾದ ಚಾರಿತ್ರಿಕ ಘಟನೆ ಇದು.

ಕಂಪ್ಲಿಯಿಂದ ಬಡಿಗೇರ ತಾಯಪ್ಪನನ್ನು ಕರೆಸಿದೆವು. ದಿನಾ ಬುತ್ತಿ ಕಟ್ಟಿಕೊಂಡು ಮೂವರೂ ಟಂಟಂ ಹತ್ತಿ ಬುಕ್ಕಸಾಗರಕ್ಕೆ ಹೋಗುತ್ತಿದ್ದೆವು. ಮನೆಯವರಿಗೆ ಸಹಾಯ ಮಾಡುವ ಉತ್ಸಾಹ ಬಹಳ. ಅದೇ ದೊಡ್ಡ ತೊಂದರೆ. "ಅಣ್ಣಾರ, ಈ ಕಂಬ ನೆಟ್ಟಗ ಹಿಡೀರಿ," ಎಂದು ತಾಯಪ್ಪ ಕೊಟ್ಟ. ಹಿಡಿದರು. ಕಾಲ ಬುಡದಲ್ಲಿ ಒಂದು ನಸುಗೆಂಪು ಕಲ್ಲು ಕಂಡಿತು. ಬಗ್ಗಿದರು. ಕಂಬವೂ ಬಗ್ಗಿತು, ತಾಯಪ್ಪನ ಭುಜದ ಮೇಲೆ.

"ಅಕ್ಕಾರ," ಎಂದ ತಾಯಪ್ಪ ಭುಜ ತಿಕ್ಕಿಕೊಳ್ಳುತ್ತ, "ಗಾಳಿ ಬಂದು ಕೆಡವಿದ್ದು ಅಂದ್ರಲ್ಲ, ಗಾಳೀನೇ ಏನ್ರಿ? ಅಣ್ಣಾರು ಆವತ್ತು ಎಲ್ಲಿದ್ರು?"

ತಗಡಿಗೆ ಹಾಕಲು ತಂದ ವಾಷರುಗಳು ಒಂದೊಂದೇ ಕಾಣೆಯಾದವು. ತಾಯಪ್ಪ ನನ್ನನ್ನು ಸಂಶಯದಿಂದ ನೋಡಿದ. ನಾನು ತೋಟಪ್ಪನನ್ನು ಸಂಶಯದಿಂದ ನೋಡಿದೆ. ಸಂಜೆ ಇವರು ನಾಚಿಕೆಯಿಂದ ನನ್ನ ಕೈಗೊಂದು ಬಳೆ ತೊಡಿಸಿದರು. ವಾಷರುಗಳನ್ನೇ ಒಂದರ ಮೇಲೊಂದು ಜೋಡಿಸಿ, ಸಂದಿಗೆ ಹಸಿರು ಮಣಿ ಕೂಡಿಸಿದ್ದರು. ಬೈಯಲು ಬಾಯಿ ತೆರೆದೆ. ಕೈ ತಿರುಗಿಸಿ ನೋಡಿದೆ. ಚೆನ್ನಾಗಿತ್ತು, ಏನು ಮಾಡುವುದು? ಹೊಸ ವಾಷರ್ ತರಿಸಿದೆ.

ಇತ್ತ ಅತ್ತೆ ಕಲ್ಲಿನ ಮೇಲೆ ಕುಳಿತು ಒಂದೊಂದೇ ಸಲಹೆ ಕೊಡುತ್ತಿದ್ದರು.

"ತಾಯಪ್ಪ, ಕಿಟಕಿ ಹೊಳಿ ಕಡೀಗಿ ಇಡಪಾ. ಕೆಳಗ ಕುಂತ್ರೂ ನೀರು ಕಾಣಬೇಕು."

"ಒಳಗೊಂದು ಅಗಲ ಕಟ್ಟಿ ಇರ್ಲಿ. ಶಂಭುಗ ಬೆನ್ನು ಚಾಚಬೇಕು ಅನಿಸಿದ್ರ ಬೇಕಾಗತೈತಿ."

"ಮೂಲ್ಯಾಗ ಒಲಿಗೊಂದೀಟು ಜಾಗ. ಗ್ವಾಡ್ಯಾಗ ಒಂದು ಗೂಡು, ಎಲಿ ಅಡಿಕಿ ಡಬ್ಬಿ ಇಡಾಕ."

ಮಗನ ಬಗ್ಗೆ ಈ ಪರಿಯ ಕಾಳಜಿ ಕಂಡು ನನ್ನ ಕಣ್ಣು ತುಂಬಿತು. ನಮ್ಮ ಮನೆಯವರು ಎಲೆ ಅಡಿಕೆ ಹಾಕುವುದಿಲ್ಲ. ಆದರೂ, ಹೆತ್ತ ತಾಯಿ, ಮುಂದೆ ಹಾಕಬಹುದೆಂದು ಯೋಚಿಸಿರಬೇಕು ಎಂದುಕೊಂಡೆ. ಕೇಳಿದ್ದನ್ನೆಲ್ಲ ಮಾಡಿಸಿದೆ. ಬಿದಿರಿನ ತಟ್ಟಿಗೆ ಮಣ್ಣು ಮೆತ್ತಿಸಿ, ಸುಣ್ಣ ಬಳಿಸಿ, ತಗಡನ್ನು ಈ ಸಲ ಹಾರದಂತೆ ಬಿಗಿಸಿ ಅಚ್ಚುಕಟ್ಟು ಮಾಡಿಸಿದಾಗ ಅದು ಗುಡಿಸಲಾಗಿ ಉಳಿದಿರಲಿಲ್ಲ.

ಪೂಜೆಯ ದಿನ ಬಂತು. ತಾಯಪ್ಪ ಕಾಯಿ ಒಡೆದ. ಇವರು ತಮ್ಮ ಇಕ್ಕಳ, ತಂತಿ, ಮಣಿಗಳ ಚೀಲ ಹಿಡಿದು ಹೊಸ ಧೋತರದಲ್ಲಿ ಮದುಮಗನಂತೆ ನಿಂತಿದ್ದರು. ಅಷ್ಟರಲ್ಲಿ ಅತ್ತೆ ಒಳಗೆ ಹೋಗಿ ಕಟ್ಟೆಯ ಮೇಲೆ ಒಂದು ಕೌದಿ ಹಾಸಿದರು. ಗೂಡಿನಲ್ಲಿ ತಮ್ಮ ಎಲೆ ಅಡಿಕೆ ಡಬ್ಬಿ ಇಟ್ಟರು. ಕಿಟಕಿಗೆ ಒರಗಿ ಕುಳಿತರು.

"ಭಾಳ ಚಲೋ ಆತು. ನನಗಿಷ್ಟು ಸಾಕವ್ವ."

"ಅತ್ತೀ... ಇದು ಅವ್ರು ಕೆಲ್ಸ ಮಾಡಾಕ..." ಎಂದೆ.

"ನಾ ಕಂಪ್ಲ್ಯಾಗ ಹುಟ್ಟಿದಾಕಿ, ಬುಕ್ಕಸಾಗರಕ್ಕ ಕೊಟ್ರು. ಎರಡೂ ಊರಾಗ ಹೊಳಿ ನೋಡ್ಕೋತ ಬದುಕಿದೆ. ನಿಮ್ಮ ಹೊಸಪೇಟಿ ಮನ್ಯಾಗ ಕಿಟಕಿ ತಗದ್ರ ಎದರುಮನಿ ಗೀಸರ್ ಕಾಣತೈತಿ. ಎಷ್ಟಂತ ಗೀಸರ್ ನೋಡ್ಲಿ? ರಾತ್ರಿ ಮಲಗಾಕ ಅಲ್ಲಿಗೇ ಬರ್ತೀನಿ. ಹಗಲೊತ್ತು ಇಲ್ಲಿ ಕುಂದರ್ತೀನಿ."

ನಾನು ಗಂಡನ ಮುಖ ನೋಡಿದೆ. ಒಂದು ಮಾತು ಆಡಿದ್ದರೂ ಸಾಕಿತ್ತು, ಹಿಂದೆ ನಿಂತು ನಾನು ಹತ್ತು ಆಡುತ್ತಿದ್ದೆ. ಅವರು ಅವ್ವನನ್ನು ನೋಡಿದರು. ಅವ್ವ ಹೊಳೆಯನ್ನು ನೋಡುತ್ತಿದ್ದರು, ಊಟಕ್ಕೆ ಕುಳಿತ ಹಸಿದವರ ಹಾಗೆ.

"ಆತವ್ವ," ಎಂದು ಇವರು ಚೀಲವನ್ನು ಹೆಗಲಿಗೇರಿಸಿಕೊಂಡರು.

ಹೀಗೆ ನನ್ನ ಅಡುಗೆಮನೆ ಬಿಡುಗಡೆಯಾಗಲೆಂದು ಕಟ್ಟಿಸಿದ ಭವನದಲ್ಲಿ ಅತ್ತೆ ನೆಲೆಸಿದರು, ಗಂಡ ಅಡುಗೆಮನೆಗೆ ವಾಪಸ್ ಬಂದರು. ಇಷ್ಟಕ್ಕೇ ನಿಂತಿದ್ದರೆ ವಿಧಿ ಎಂದು ಸುಮ್ಮನಿರುತ್ತಿದ್ದೆ. ಅತ್ತೆ ಅಂದಕ್ಕೆಂದು ಮಗನ ನಾಲ್ಕು ಸರ ಒಯ್ದು ಕಿಟಕಿಗೆ ನೇತುಹಾಕಿದರು. ಹಂಪಿ ನೋಡಿ ಸೇತುವೆ ದಾಟಿ ಆನೆಗೊಂದಿಗೆ ಹೋಗುವ ಪ್ರವಾಸಿಗರು ಗಾಡಿ ನಿಲ್ಲಿಸಿ ಕೇಳತೊಡಗಿದರು. ಅತ್ತೆಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ಬಂದವರಿಗೆ ಕನ್ನಡ ಬರುವುದಿಲ್ಲ. ಆದ್ದರಿಂದ ಚೌಕಾಶಿಯೇ ಇಲ್ಲ. ಸಂಜೆ ಸರ ಮಾರಿದ ದುಡ್ಡು ಸೆರಗಿಗೆ ಕಟ್ಟಿಕೊಂಡು ಬಂದ ಅತ್ತೆ ಆಜ್ಞೆ ಹೊರಡಿಸಿದರು.

"ಎಲ್ಲಾ ಹೋದ್ವು. ನಾಳಿಗೆ ಇನ್ನೊಂದಿಷ್ಟು ಬೇಕು. ಒಬ್ಬನ ಕೈಲಿ ಆಗಂಗಿಲ್ಲ. ಶೈಲಾ, ನೀನೂ ಕುಂದ್ರು."

ಈಗ ನಾನು ಮಧ್ಯಾಹ್ನದ ಪಾಳಿಯ ಕೆಲಸದವಳು. ಒಂದು ಕಣ್ಣು ಕುಕ್ಕರಿನ ಮೇಲೆ, ಒಂದು ಕಣ್ಣು ತಂತಿಯ ಮೇಲೆ. ಮೊನ್ನೆ ಸಂಜೆ ಅತ್ತೆ ಬಂದವರೇ ಸೆರಗಿನಿಂದ ಒಂದು ಸರ ತೆಗೆದು ನಮ್ಮ ಮುಂದೆ ಹಿಡಿದರು.

"ಇದ್ಯಾರು ಕಟ್ಟಿದ್ದು? ಗಂಟು ಸಡ್ಲ ಐತಿ. ಆ ಹುಡುಗಿ ಕೊಳ್ಳಾಗ ಹಾಕ್ಕೊಳ್ಳೂದ ತಡ, ಬಿಚ್ಚಿ ಬಿತ್ತು."

ನಾನು ಒಲೆಯ ಮೇಲಿಟ್ಟ ಹಾಲಿನ ಕಡೆ ಬಹಳ ಶ್ರದ್ಧೆಯಿಂದ ನೋಡತೊಡಗಿದೆ.

"ನಾನ ಕಟ್ಟಿದ್ದವ್ವ," ಎಂದರು ಇವರು, ತಲೆ ಎತ್ತದೆ.

"ಸುಳ್ಳ ಹೇಳಬ್ಯಾಡ. ಚಡ್ಡಿ ಲಾಡಿ ಕಟ್ಟಿಕೊಳ್ಳೂದು ನಿನಗ ಕಲಿಸಿದಾಕಿ ನಾನು. ನಿನ್ನ ಗಂಟು ನನಗ ಗೊತ್ತಿಲ್ಲೇನು?" ಎಂದು ಅತ್ತೆ ನನ್ನತ್ತ ತಿರುಗಿದರು. "ನೀ ಗಂಟು ಕಲಿಯೂತನಕ ಬರೀ ಮಣಿ ಆರ್ಸು." ಹಾಗೆಂದು ಕಾಲು ತೊಳೆಯಲು ಬಚ್ಚಲಿಗೆ ನಡೆದರು. ನೌಕರಿಗೆ ಸೇರಿದ ವಾರದೊಳಗೆ ಹಿಂಬಡ್ತಿ ಪಡೆದವಳು ನಾನೊಬ್ಬಳೇ ಇರಬೇಕು.

"ನೀವ್ಯಾಕ ನಿಮ್ಮ ಮ್ಯಾಲೆ ಹಾಕ್ಕೊಂಡ್ರಿ?" ಎಂದು ಪಿಸುಗುಟ್ಟಿದೆ.

ಅವರು ಮಣೆ ಇತ್ತ ಸರಿಸಿ, ತಂತಿಯ ಎರಡು ತುದಿಗಳನ್ನು ನನ್ನ ಬೆರಳಿಗೆ ಕೊಟ್ಟು, ಮೇಲೆ ತಮ್ಮ ಕೈ ಇಟ್ಟರು.

"ಹಿಂಗ ಹಿಡಿ. ನೀ ಭಾಳ ಜಲ್ದಿ ಎಳೀತಿ. ಮೊದ್ಲು ಸುತ್ತು. ಸಾವಕಾಶ ಸುತ್ತು. ಹಾಂ, ಈಗ ಎಳಿ."

ಅಷ್ಟು ಉಕ್ಕು ಎತ್ತಿದ ಕೈ ಅಷ್ಟು ಹಗುರವಾಗಿರಬಹುದು ಎಂದು ನನಗೆ ತಿಳಿದಿರಲಿಲ್ಲ. ತಿಳಿಯಲು ನಾವಿಬ್ಬರೂ ಒಂದೇ ಹೊತ್ತಿಗೆ ಎಚ್ಚರವಾಗಿದ್ದದ್ದಾದರೂ ಯಾವಾಗ? ಸುತ್ತಿದೆ. ಎಳೆದೆ. ಗಂಟು ಬಿಗಿಯಿತು.

"ಮತ್ತೊಮ್ಮಿ ತೋರಿಸ್ರಿ," ಎಂದೆ. ಬಂದಿತ್ತು ನನಗೆ. ಆದರೂ ಕೇಳಿದೆ.

ಬಚ್ಚಲಿನಿಂದ ಅತ್ತೆ ಕೂಗುತ್ತಿದ್ದರು, "ಶೈಲಾ, ಹಾಲು ಉಕ್ಕಿದ ವಾಸನಿ ಬರಾಕತ್ತೈತಲ್ಲೇ! ಇಬ್ರು ಒಳಗ ಇದ್ದೀರಿ, ಏನು ಮಾಡಾಕತ್ತೀರಿ?"

ಒಲೆಯಿಂದ ಗ್ಯಾಸ್ ಕಟ್ಟೆಗೆ, ಕಟ್ಟೆಯಿಂದ ನೆಲಕ್ಕೆ ಹಾಲು ಇಳಿಯುತ್ತಿತ್ತು. ಇಬ್ಬರೂ ನೋಡಿದೆವು. ಏಳಬೇಕಾದವಳು ನಾನೇ, ಒರೆಸಬೇಕಾದವಳೂ ನಾನೇ.

"ಗಂಟು ಹಾಕಾಕತ್ತೀವ್ರೀ ಅತ್ತೀ," ಎಂದು ಕುಳಿತಲ್ಲಿಂದಲೇ ಕೂಗಿದೆ.