ತಿಕ್ಕಿ ಹೊಳೆಯಿಸಿದ ಪಿಸ್ತೂಲು

ಎಲ್ಲ ಹಾಳಾದದ್ದು ಒಂದು ಫೋಟೋದಿಂದ. ವಿಜಯದಶಮಿಯ ಬೆಳಿಗ್ಗೆ ಪಂಚಕಜ್ಜಾಯಕ್ಕೆಂದು ಬಂದ ಪಕ್ಕದ ಮನೆಯ ಸುಲೋಚನಾ, ಶ್ರೀಮತಿ ಹಿಂದಿನ ದಿನ ಆಯುಧಪೂಜೆಗೆ ಇಟ್ಟಿದ್ದ ಮಿಕ್ಸರು, ಹೊಲಿಗೆ ಯಂತ್ರ, ತರಕಾರಿ ಹೆಚ್ಚುವ ಮೆಟ್ಟುಕತ್ತಿಗಳ ಚಿತ್ರ ತೆಗೆದು ಸಾನಪಾಡಾದ ಅವರ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಹಾಕಿದಳು. ಮೆಟ್ಟುಕತ್ತಿಯ ಪಕ್ಕದಲ್ಲಿ, ಕರೆಯದೆ ಬಂದು ಮೊದಲ ಪಂಕ್ತಿಯಲ್ಲಿ ಕುಳಿತವನ ಹಾಗೆ, ಗಂಡನ ಮನೆಯ ಹಿರಿಯರ ಕಾಲದ ಪಿಸ್ತೂಲೂ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು.

ಸ್ವಲ್ಪ ಹೊತ್ತಿಗೆ ಸೆಕ್ರೆಟರಿ ಬಾಗಿಲಲ್ಲಿದ್ದ. “ಭಾಭೀ, ಫೋಟೋ ಪೊಲೀಸ್ ತಕ್ ಪಹುಂಚ್ ಗಯಾ. ಶಾಮ್ ಕೋ ಸಾಹೇಬ್ ಆಯೇಂಗೆ.” ಫೋಟೋ ಪೊಲೀಸರ ಕೈ ಸೇರಿ, ಸಂಜೆ ಸಾಹೇಬರೇ ಬರುವವರಿದ್ದರು. ಪಿಸ್ತೂಲಿನ ಮೇಲೆ ಇಂಗ್ಲೆಂಡಿನವನ ಹೆಸರಿದ್ದರೆ ಹಳೆಯ ಶೋಪೀಸು, ಹೆಸರಿಲ್ಲದಿದ್ದರೆ ಗಾವಠೀ ಕಟ್ಟಾ, ಅಂದರೆ ಕಳ್ಳತನದಲ್ಲಿ ಮಾಡಿದ ನಾಡಪಿಸ್ತೂಲು, ಯಜಮಾನರು ಒಳಗೆ ಎಂದೂ ಸೇರಿಸಿದ.

“ನಾ ಏನ್ ಮಾಡ್ಲಿ ವೈನಿ? ಹೂವಿನ ಅಲಂಕಾರ ಛಂದ ಕಾಣಸ್ತು,” ಎಂದಳು ಸುಲೋಚನಾ, ಇನ್ನೊಂದು ಹಿಡಿ ಪಂಚಕಜ್ಜಾಯ ತೆಗೆದುಕೊಳ್ಳುತ್ತ.

ಗಂಡ ವಿಷ್ಣುಮೂರ್ತಿ ಕುರ್ಚಿಯಿಂದ ಏಳಲಿಲ್ಲ. “ಜೈಲಿನಲ್ಲಿ ನನ್ನ ಬಿಪಿ ಮಾತ್ರೆ ಯಾರು ಕೊಡ್ತಾರೆ ಮಾರಾಯ್ತಿ? ಎಂತಾದ್ರೂ ಮಾಡು.”

ಶ್ರೀಮತಿ ಕಾಮೋಠೆಯಿಂದ ತನ್ನ ಸೋದರಮಾವ ಪುಂಡರೀಕಾಕ್ಷರನ್ನು ಕರೆಸಿದಳು. ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಭೂತಗನ್ನಡಿ ಹಿಡಿದು ನೋಡಿದರು.

“ಇದು ತೋಟೆ, ಬುಲೆಟ್ ಹಾಕುವಂಥದ್ದಲ್ಲ. ಮದ್ದು ತುಂಬಿಸಿ, ಹಿಂದಿನ ಈ ಮೊಳೆಗಳಿಗೆ ತಾಮ್ರದ ಟೊಪ್ಪಿ ಇಟ್ಟು ಹೊಡೆಯುವುದು. ನೂರೈವತ್ತು ವರ್ಷ ದಾಟಿದೆ. ಇಂಗ್ಲೆಂಡಿನದ್ದೇ ಇರಬೇಕು. ಆದರೆ ಮೇಲಿನ ಈ ಪಟ್ಟಿಯಲ್ಲಿ ಮಾಡಿದವನ ಹೆಸರು ಕೆತ್ತಿರ್ತದೆ. ಅದನ್ನು ಯಾರೋ ಉಜ್ಜಿ ತೆಗೆದಿದ್ದಾರೆ. ಕದ್ದ ಮಾಲಿಗೆ ಹೀಗೆ ಮಾಡ್ತಾರೆ.”

ಶ್ರೀಮತಿ ತನ್ನ ಅಂಗೈ ನೋಡಿಕೊಂಡಳು. ಮದುವೆಯಾಗಿ ಬಂದ ವರ್ಷ ಅತ್ತೆ ಇದನ್ನೆತ್ತಿ, “ಎಂತದಿದು, ಮಸಿ ಹಿಡಿದ ಸೌಟಿನ ಹಾಗೆ?” ಎಂದಿದ್ದರು. ಅಂದಿನಿಂದ ಪ್ರತಿ ನವರಾತ್ರಿಗೂ ಹುಣಸೆಹುಳಿ, ಬೂದಿ, ಆಮೇಲಾಮೇಲೆ ಪಾತ್ರೆಪುಡಿ. ಅತ್ತೆ ಒಮ್ಮೆಯೂ ಚೆನ್ನಾಗಿದೆ ಎನ್ನಲಿಲ್ಲ. ಆ ಒಂದು ಮಾತಿಗಾಗಿ ಅವಳು ಇನ್ನಷ್ಟು ತಿಕ್ಕಿದಳು. ಅತ್ತೆ ತೀರಿಕೊಂಡ ಮೇಲೂ ತಿಕ್ಕಿದಳು. ಯಾವನೋ ಇಂಗ್ಲಿಷಿನವನ ಹೆಸರು ಇಷ್ಟಿಷ್ಟೇ ಮೋರಿಗೆ ಹರಿದುಹೋಗಿತ್ತು.

“ಇದರ ಪೆಟ್ಟಿಗೆ ಉಂಟಾ?” ಮಾವ ಕೇಳಿದರು. “ಮುಚ್ಚಳದ ಒಳಗೆ ಹೆಸರಿನ ಚೀಟಿ ಅಂಟಿಸ್ತಿದ್ರು.”

ಇತ್ತು! ಖಾರಘರದಲ್ಲಿ, ಮೈದುನ ಕಮಲಾಕ್ಷನ ಹೋಟೆಲಿನಲ್ಲಿ, ಊದುಬತ್ತಿ ತುಂಬಿಕೊಂಡು. ಪಿಸ್ತೂಲನ್ನು ದೇವರ ಮುಂದೆಯೇ ಬಿಟ್ಟು ಅವಳು ಸಾನಪಾಡಾ ಸ್ಟೇಷನ್ನಿಗೆ ಓಡಿದಳು.

ಮುಚ್ಚಳದ ಒಳಗೆ ಅತ್ತೆ ಕೃಷ್ಣನ ಪಟ ಅಂಟಿಸಿದ್ದರು. ಶ್ರೀಮತಿ ಅದನ್ನು ಇಡ್ಲಿಯ ಹಬೆಗೆ ಹಿಡಿದಳು. ಕೃಷ್ಣ ಮೆಲ್ಲನೆ ಸುರುಳಿಯಾಗಿ ಕೈಗೆ ಬಂದ. ಅಡಿಯಲ್ಲಿ ಹಳದಿ ಚೀಟಿ: ಥಾಮಸ್ ಪೆಲ್‌ಹ್ಯಾಮ್, ಲಂಡನ್. ಕೆಳಗೆ ಅದೇ ಪಿಸ್ತೂಲಿನ ಚಿತ್ರ. ಅವಳ ಕಣ್ಣು ತುಂಬಿತು.

“ಈರುಳ್ಳಿಯಾ ಅತ್ತಿಗೆ?” ಎಂದ ಕಮಲಾಕ್ಷ.

ಮನೆಗೆ ಬಂದಾಗ ಪೊಲೀಸ್ ಸಾಹೇಬರು ಕೂತಿದ್ದರು. ಅವಳು ಪೆಟ್ಟಿಗೆಯನ್ನು, ಮಗಳ ಮಾರ್ಕ್ಸ್‌ಕಾರ್ಡ್ ತೋರಿಸುವ ತಾಯಿಯಂತೆ, ಮುಂದಿಟ್ಟಳು. ಸಾಹೇಬರು ಚೀಟಿ ಓದಿ ತಲೆಯಾಡಿಸಿದರು. “ಬರೋಬರ್. ಆಂಟಿಕ್ ಹೈ. ಅಬ್ ಪಿಸ್ತೂಲ್ ದಿಖಾವೋ.”

ಶ್ರೀಮತಿ ದೇವರ ಕಡೆ ತಿರುಗಿದಳು. ಮಿಕ್ಸರು, ಹೊಲಿಗೆ ಯಂತ್ರ, ಮೆಟ್ಟುಕತ್ತಿ. ಹೂವಿಲ್ಲ. ಪಿಸ್ತೂಲೂ ಇಲ್ಲ.

ವಿಷ್ಣುಮೂರ್ತಿ ಅವಳ ಕಿವಿಯ ಹತ್ತಿರ ಬಗ್ಗಿದರು. “ದಶಮಿ ಅಲ್ವಾ? ನಿರ್ಮಾಲ್ಯದ ಒಟ್ಟಿಗೆ ಕಟ್ಟಿ ವಾಶಿ ಖಾಡಿಯ ನೀರಿಗೆ ಬಿಟ್ಟುಬಂದೆ. ಮಾಲೇ ಇಲ್ಲದಿದ್ರೆ ಕೇಸೂ ಇಲ್ಲ ಅಂತ ಸುಲೋಚನಾ ಹೇಳಿದ್ಳು.”

ಪೆಟ್ಟಿಗೆಯ ಹಸಿರು ಮಖಮಲ್ಲಿನಲ್ಲಿ ಪಿಸ್ತೂಲಿನ ಆಕಾರದ ಕುಳಿ ಬಾಯಿ ತೆರೆದುಕೊಂಡಿತ್ತು. ಸಾಹೇಬರು ಅದರೊಳಗೆ ಬೆರಳಾಡಿಸಿದರು. ಮನೆಯಲ್ಲಿ ಇದನ್ನೆಲ್ಲ ನೋಡಿಕೊಳ್ಳುವವರು ಯಾರೆಂದು ಕೇಳುವಾಗ ದನಿ ಬದಲಾಗಿತ್ತು. “ಪಿಸ್ತೂಲ್ ಗಾಯಬ್? ಘರ್ ಮೇ ಯೇ ಸಬ್ ಕೌನ್ ಸಂಭಾಲ್ತಾ ಹೈ?”

ವಿಷ್ಣುಮೂರ್ತಿ ಒಂದು ಕ್ಷಣವೂ ತಡಮಾಡಲಿಲ್ಲ. ಹೆಂಡತಿಯ ಕಡೆ ಕೈ ತೋರಿಸಿದರು. “ಯಹೀ, ಸಾಹೇಬ್. ಧೋನಾ, ರಖ್‌ನಾ, ಸಬ್ ಯಹೀ ಕರ್ತೀ ಹೈ.”

ಮದುವೆಯಾದಂದಿನಿಂದ ತೊಳೆಯುವುದು, ಎತ್ತಿಡುವುದು, ಮನೆಯ ಕೆಲಸವೆಲ್ಲ ಅವಳದ್ದೇ ಎಂದು ಅವರು ಹೊರಗಿನವರ ಮುಂದೆ ಒಪ್ಪಿಕೊಂಡದ್ದು ಅದೇ ಮೊದಲು. ಸಾಹೇಬರು ಅದನ್ನು ಬರೆದುಕೊಂಡರು.