ಮೇಲಿನ ಬಣ್ಣ, ಕೆಳಗಿನ ಮುಖ

"ಮೂವತ್ತು ವರ್ಷ ಕುಂಚ ಹಿಡಿದ ಕೈ ಇದು! ಹದಿನೈದು ದಿನದಲ್ಲಿ ಈ ಗಾಜಿನ ಹಲಗೇನ ಮಣಿಸದೆ ಇದ್ರೆ ನಾನು ಡ್ರಾಯಿಂಗ್ ಮೇಷ್ಟ್ರೇ ಅಲ್ಲ!"

ಹೀಗೆಂದು ಡ್ರಾಯಿಂಗ್ ಮೇಷ್ಟ್ರು ಊಟದ ಮೇಜನ್ನು ಗುದ್ದಿದರು. ಮೇಜಿನ ಮೇಲಿದ್ದ ಹೊಸ ಟ್ಯಾಬ್ಲೆಟ್ ಬೆಚ್ಚಿಬಿದ್ದಂತೆ ತಾನಾಗಿಯೇ ಬೆಳಗಿತು.

"ಮಣಿಸೋದು ಆಮೇಲಾಯ್ತು. ಮೊದಲು ಅದರ ಮೇಲಿರೋ ಪ್ಲಾಸ್ಟಿಕ್ ಹಾಳೆ ಕೀಳಿ," ಎಂದಳು ಹೆಂಡತಿ.

ಈ ಭೀಷಣ ಪ್ರತಿಜ್ಞೆಗೆ ಕಾರಣ ಶಾಲೆಯ ದೊಡ್ಡ ಮೇಡಂ. ಅಂದು ಬೆಳಿಗ್ಗೆ ಅವರು ಮೇಷ್ಟ್ರನ್ನು ಕೋಣೆಗೆ ಕರೆಸಿ, ಈ ಟ್ಯಾಬ್ಲೆಟ್ ಕೈಗಿಟ್ಟು ಹೇಳಿದ್ದರು: "ಮುಂದಿನ ವರ್ಷದಿಂದ ಚಿತ್ರಕಲೆ ಎಲ್ಲಾ ಪರದೆ ಮೇಲೇ. ವಾರ್ಷಿಕೋತ್ಸವಕ್ಕೆ ಇದರಲ್ಲೇ ಒಂದು ಚಿತ್ರ ಮಾಡಿ ತೋರಿಸಿ. ನಿಮಗೆ ಬಂದ್ರೆ ಪೀರಿಯಡ್ ನಿಮ್ಮದು, ಬರದಿದ್ರೆ ಕಂಪ್ಯೂಟರ್ ಮೇಷ್ಟ್ರದು."

ಕಂಪ್ಯೂಟರ್ ಮೇಷ್ಟ್ರದು! ಸ್ಕೇಲು ಕೈಯಲ್ಲಿಲ್ಲದೆ ಒಂದು ನೆಟ್ಟಗಿನ ಗೀಟು ಎಳೆಯಲಾರದ ಮನುಷ್ಯನದು! ಮೇಷ್ಟ್ರ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಆ ಬೆಂಕಿಯಲ್ಲೇ ತೀರ್ಮಾನ ಮಾಡಿದರು: ಬರೆದರೆ ದೊಡ್ಡ ಮೇಡಂ ಮುಖವನ್ನೇ ಬರೆಯಬೇಕು, ಅವರೇ ಬೆರಗಾಗಿ ತಮಗೆ ತಾವೇ ಕೈಮುಗಿಯಬೇಕು.

ಕಲಿಕೆ ಶುರುವಾಯಿತು. ಹಳೆಯ ಅಭ್ಯಾಸ ಬಿಡಬೇಕಲ್ಲ! ಮೇಷ್ಟ್ರು ಟ್ಯಾಬ್ಲೆಟ್ಟಿನ ಪೆನ್ನನ್ನು ನಾಲಿಗೆಗೆ ಒತ್ತಿ ತುದಿ ಚೂಪು ಮಾಡಿದರು. ಬಣ್ಣ ಒಣಗಲೆಂದು ಪರದೆಗೆ ಉಫ್ ಎಂದು ಊದಿದರು. ದೂರದಿಂದ ನೋಡಲು ಮೂರು ಹೆಜ್ಜೆ ಹಿಂದೆ ಸರಿದು ಒಂದು ಕಣ್ಣು ಮುಚ್ಚಿದರು. ಅಷ್ಟರಲ್ಲಿ ಪರದೆ ಎರಡೂ ಕಣ್ಣು ಮುಚ್ಚಿಕೊಂಡಿತು!

"ಮುಟ್ಟಿದ್ರೆ ಎಚ್ಚರ, ಬಿಟ್ರೆ ನಿದ್ದೆ! ಇದೇನು ಹಲಗೆಯೋ, ಕೊನೇ ಬೆಂಚಿನ ಹುಡುಗನೋ?"

"ಕಿರುಚಬೇಡಿ. ಗೀಟು ತಪ್ಪಿದ್ರೆ ಆ ಬಾಗಿದ ಬಾಣದ ಗುರುತು ಒತ್ತಿ. ಅಳಿಸಿಹೋಗುತ್ತೆ," ಎಂದು ಹೆಂಡತಿ ಬೆರಳಿಟ್ಟು ತೋರಿಸಿದಳು.

ಮೇಷ್ಟ್ರು ಕೆರಳಿದರು. "ಅಳಿಸೋದೇ? ಆಡಿದ ಮಾತು, ಎಳೆದ ಗೀಟು, ಎರಡನ್ನೂ ಹಿಂದಕ್ಕೆ ತಗೊಳ್ಳೋನು ಕಲಾವಿದನೇ ಅಲ್ಲ! ತಪ್ಪಾದ್ರೆ ಮೇಲೊಂದು ಬಣ್ಣ ಬಳೀತೀನಿ, ಮುಗೀತು!"

"ಗೊತ್ತು ಬಿಡಿ. ಬಚ್ಚಲುಮನೆ ಗೋಡೆ ಬಿರುಕಿಗೂ ಅದನ್ನೇ ಮಾಡಿದ್ರಿ." ಅವಳು ನಡುಮನೆಯ ಗೋಡೆಯತ್ತ ನೋಡಿ ಮುಗುಳ್ನಕ್ಕಳು. "ನನ್ನ ಚಿತ್ರ ಬರೆದಾಗ ಮಾತ್ರ ಒಂದಿಷ್ಟೂ ಒದ್ದಾಡಿರಲಿಲ್ಲಪ್ಪ ನೀವು."

ಮದುವೆಯಾದ ಮೊದಲ ವರ್ಷ ಮೇಷ್ಟ್ರು ಬರೆದ ಅವಳ ತೈಲಚಿತ್ರ ಅಲ್ಲಿ ತೂಗುತ್ತಿತ್ತು. ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಅದರ ದರ್ಶನವಾಗುತ್ತಿತ್ತು. ಮೇಷ್ಟ್ರು ಯಾಕೋ ಕೆಮ್ಮಿ, ಮತ್ತೆ ಟ್ಯಾಬ್ಲೆಟ್ಟಿನ ಮೇಲೆ ಬಾಗಿದರು.

ಕೆಮ್ಮಿಗೆ ಕಾರಣವಿತ್ತು. ಮೇಷ್ಟ್ರದೊಂದು ಗುಟ್ಟಿನ ಪದ್ಧತಿ. ಯಾರ ಮುಖ ಬರೆಯಬೇಕಾದರೂ ಮೊದಲು ಅವರ ಮೇಲಿನ ಸಿಟ್ಟನ್ನೆಲ್ಲ ಕ್ಯಾನ್ವಾಸಿನ ಮೇಲೆ ಕಾರಿಕೊಳ್ಳಬೇಕು. ಮೂರು ತಾಸು ಕಾಯಿಸಿದ ವಕೀಲರಿಗೆ ನರಿಯ ಮೂತಿ, ಕಲೆಯಿಂದ ಏನು ಉಪಯೋಗ ಎಂದು ಕೇಳಿದ ಡಾಕ್ಟರಿಗೆ ಗೂಬೆಯ ಕಣ್ಣು. ಸಿಟ್ಟು ಇಳಿದ ಮೇಲೆ ಅದರ ಮೇಲೆಯೇ ದಪ್ಪನೆ ಬಣ್ಣ ಬಳಿದು ದೇವರಂಥ ಮುಖ ಬರೆದುಕೊಡುತ್ತಿದ್ದರು. ಮೂವತ್ತು ವರ್ಷದಲ್ಲಿ ಒಂದು ನರಪಿಳ್ಳೆಗೂ ಇದು ತಿಳಿದಿರಲಿಲ್ಲ.

ಈ ಸಲವೂ ಹಾಗೆಯೇ ಆಯಿತು. ದೊಡ್ಡ ಮೇಡಂಗೆ ಮೊದಲು ಮೀಸೆ ಬಂತು. ಅಂಥಿಂಥದಲ್ಲ, ಹುರಿಗೊಳಿಸಿದ ಮೀಸೆ! ಆಮೇಲೆ ತಲೆಗೆ ಎರಡು ಕೊಂಬು, ಕೈಗೊಂದು ಕೊಡಲಿ, ಕಾಲಡಿಗೆ ಕಡಿದು ಬಿದ್ದ ಕುಂಚಗಳ ರಾಶಿ. ಪಕ್ಕದಲ್ಲಿ ಬಾಲ ಅಲ್ಲಾಡಿಸುವ ಒಂದು ನಾಯಿಮರಿ. ಅದಕ್ಕೆ ಕಂಪ್ಯೂಟರ್ ಮೇಷ್ಟ್ರ ಕನ್ನಡಕ. ಎದೆ ಹಗುರಾಯಿತು. ಎಲ್ಲದರ ಮೇಲೂ ಬಿಳಿ ಬಣ್ಣ ಬಳಿದು, ಹತ್ತು ದಿನ ಕೂತು, ಕರುಣೆ ಉಕ್ಕುವ ಮುಖವೊಂದನ್ನು ಬರೆದು ಮುಗಿಸಿದರು.

ವಾರ್ಷಿಕೋತ್ಸವದ ದಿನ ಸಭಾಂಗಣದ ದೊಡ್ಡ ಪರದೆಯ ಮೇಲೆ ಚಿತ್ರ ಮೂಡಿದಾಗ ಚಪ್ಪಾಳೆಯೋ ಚಪ್ಪಾಳೆ! ದೊಡ್ಡ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮೊದಲ ಸಾಲಿನಲ್ಲಿ ಕೂತಿದ್ದ ಹೆಂಡತಿ ಅಕ್ಕಪಕ್ಕದವರಿಗೆಲ್ಲ, "ನಮ್ಮ ಯಜಮಾನರು," ಎಂದು ತಿಳಿಸುತ್ತಿದ್ದಳು. ಆಗ ಎದ್ದರು ಕಂಪ್ಯೂಟರ್ ಮೇಷ್ಟ್ರು.

"ಚಿತ್ರ ಚೆನ್ನಾಗಿದೆ. ಆದ್ರೆ ಇವರೇ ಬರೆದದ್ದು ಅಂತ ಏನು ಗ್ಯಾರಂಟಿ? ಈಗೆಲ್ಲ ಬಾಯಲ್ಲಿ ಹೇಳಿದ್ರೆ ಯಂತ್ರವೇ ಬರೆದುಕೊಡುತ್ತೆ."

"ಏನಂದ್ರಿ? ನನ್ನ ಕೈಗೆ ಕಳ್ಳತನದ ಆರೋಪವೇ?"

"ಕೋಪ ಮಾಡ್ಕೋಬೇಡಿ ಸಾರ್. ಮೊದಲ ಗೀಟಿನಿಂದ ಕೊನೇ ಗೀಟಿನವರೆಗೂ ಈ ಆ್ಯಪ್ ತಾನೇ ವಿಡಿಯೋ ಮಾಡಿ ಇಟ್ಕೊಂಡಿರುತ್ತೆ. ನೀವು ಒಪ್ಪಿದ್ರೆ ಹಾಕ್ತೀನಿ."

"ಒಪ್ಪೋದೇನು, ಅಪ್ಪಣೆ ಮಾಡ್ತೀನಿ! ಹಾಕಿ! ಒಂದು ಗೀಟೂ ಬಿಡದ ಹಾಗೆ ಇಡೀ ಸಭೆ ನೋಡ್ಲಿ!"

ಪರದೆ ಬೆಳ್ಳಗಾಯಿತು. ನಡುವೆ ಸರ್ರನೆ ಒಂದು ಮೀಸೆ ಮೂಡಿತು.

ಆಗ ನೆನಪಾಯಿತು ಮೇಷ್ಟ್ರಿಗೆ! "ನಿಲ್ಸಿ! ಅದಲ್ಲ! ಅದು ಬೇರೆ!" ಎಂದು ಕೂಗಿದರು. ಕಂಪ್ಯೂಟರ್ ಮೇಷ್ಟ್ರು ಕಿವಿಯವರೆಗೆ ಹಲ್ಲು ಕಿರಿದು ಕೈಕಟ್ಟಿ ನಿಂತರು. ಕೊಂಬು ಬಂತು, ಕೊಡಲಿ ಬಂತು, ಮಕ್ಕಳು ಬೆಂಚು ಹತ್ತಿ ಕುಣಿದರು. ನಾಯಿಮರಿಗೆ ಕನ್ನಡಕ ಬಂದದ್ದೇ ತಡ, ಕಂಪ್ಯೂಟರ್ ಮೇಷ್ಟ್ರ ನಗೆ ಹಾರಿಹೋಯಿತು. ನಿಲ್ಲಿಸಲು ಓಡಿದವರು ಗಾಬರಿಯಲ್ಲಿ ಏನೋ ಒತ್ತಿದರು. ವಿಡಿಯೋ ಮೊದಲಿನಿಂದ ಶುರುವಾಯಿತು.

ದೊಡ್ಡ ಮೇಡಂ ನಿಧಾನವಾಗಿ ಎದ್ದರು. ಮಕ್ಕಳು ಸರಸರನೆ ಬೆಂಚಿನಿಂದ ಇಳಿದರು.

"ಮೇಷ್ಟ್ರೇ."

"ಮೇ... ಮೇಡಂ."

"ಎಲ್ಲಾ ನಿಮ್ಮ ಕೈಯದ್ದೇ ಅನ್ನೋದ್ರಲ್ಲಿ ಇನ್ನು ಯಾರಿಗೂ ಅನುಮಾನ ಇಲ್ಲ. ಪೀರಿಯಡ್ ನಿಮ್ಮದೇ." ಹೋಗುವಾಗ ಒಮ್ಮೆ ತಿರುಗಿದರು. "ಮೀಸೆ ಇನ್ನೂ ಸ್ವಲ್ಪ ದಪ್ಪ ಇರಬಹುದಿತ್ತು."

ಪೀರಿಯಡ್ ಉಳಿಯಿತು, ಮಾನ ಉಳಿಯಲಿಲ್ಲ. ಮನೆಯ ದಾರಿಯುದ್ದಕ್ಕೂ ಮೇಷ್ಟ್ರು ಕುದಿಯುತ್ತಲೇ ನಡೆದರು.

"ಚಾಡಿಕೋರ ಯಂತ್ರ! ಉಪ್ಪು ತಿಂದ ಮನೆಗೇ ಎರಡು ಬಗೆಯೋ ಜಾತಿ! ನಮ್ಮ ಕ್ಯಾನ್ವಾಸ್ ಯಾವತ್ತಾದ್ರೂ ಹೀಗೆ ಮಾಡಿತ್ತಾ? ಮೂವತ್ತು ವರ್ಷದಲ್ಲಿ ಎಷ್ಟು ಜನರ ಮುಖದ ಕೆಳಗೆ ಏನೇನು ಬರೆದಿದ್ದೀನಿ! ಒಂದಾದ್ರೂ ಬಾಯಿ ಬಿಟ್ಟಿತಾ?"

ಹೆಂಡತಿಯ ಚಪ್ಪಲಿ ಸದ್ದು ನಿಂತಿತು.

"ಎಲ್ಲರ ಮುಖದ ಕೆಳಗೂನಾ?"

"ಎಲ್ಲರ ಕೆಳಗೂ! ಒಬ್ಬರನ್ನೂ ಬಿಟ್ಟಿಲ್ಲ!" ಎಂದು ಮೇಷ್ಟ್ರು ಎದೆಯುಬ್ಬಿಸಿ ಹೇಳಿದರು. ಹೇಳಿ ನಾಲ್ಕು ಹೆಜ್ಜೆ ನಡೆದ ಮೇಲೆ ಗಕ್ಕನೆ ನಿಂತು ನಾಲಿಗೆ ಕಚ್ಚಿಕೊಂಡರು.

ಅವಳು ಬಿರಬಿರನೆ ಮುಂದೆ ನಡೆದಳು. ಮನೆಗೆ ಬಂದವಳೇ ನಡುಮನೆಯ ಗೋಡೆಯ ಮುಂದೆ ಸ್ಟೂಲು ಎಳೆದಳು. ಮೇಷ್ಟ್ರ ಪೆಟ್ಟಿಗೆಯಿಂದ ಬಣ್ಣ ಕರಗಿಸುವ ಟರ್ಪೆಂಟೈನ್ ಸೀಸೆ ತಂದಳು, ಒಂದು ಹಳೇ ಬಟ್ಟೆ ತಂದಳು, ಸ್ಟೂಲು ಹತ್ತಿ ನಿಂತಳು.

"ಲೇ, ಲೇ, ಇಳಿಯೇ! ನಾನು ಸುಮ್ನೆ ಹೇಳಿದ್ದು! ಆ ಮಾತನ್ನ ಹಿಂದಕ್ಕೆ ತಗೊಂಡಿದ್ದೀನಿ ಅಂದ್ಕೋ!"

ಹೆಂಡತಿ ಸೀಸೆಯ ಮುಚ್ಚಳ ತಿರುಗಿಸಿದಳು.

"ಅದೆಂಗ್ರೀ ಆಗುತ್ತೆ? ಹಿಂದಕ್ಕೆ ತಗೊಳ್ಳೋನು ಕಲಾವಿದನೇ ಅಲ್ವಲ್ಲ!" ಎಂದು ಬಟ್ಟೆಯನ್ನು ಅದ್ದಿ, ಮೂಗಿನ ಕೆಳಗಿನಿಂದಲೇ ಒರೆಸಲು ಶುರುಮಾಡಿದಳು.